ನ್ಯಾಯಬೆಲೆ ಯಾರ ಕೈಗೆ?

‘ನ್ಯಾಯಬೆಲೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ನೆನಪಾಗುವುದು ಪಡಿತರದ ಅಂಗಡಿ. ಬಡವರಿಗೆ ಅಕ್ಕಿ, ಗೋಧಿ, ಸಕ್ಕರೆಗಳು ಎಟುಕುವ ದರದಲ್ಲಿ ದೊರೆಯಬೇಕೆಂಬ ಆಶಯದಿಂದ ಹುಟ್ಟಿದ ಹೆಸರು ಅದು. ಅಲ್ಲಿನ ನ್ಯಾಯ ಕೊಳ್ಳುವವರ ಪಾಲಿನದು. ಜಗತ್ತಿನ ಮಾರುಕಟ್ಟೆಯಲ್ಲಿ ಈಚಿನ ದಶಕಗಳಲ್ಲಿ ‘ಫೇರ್ ಟ್ರೇಡ್’ ಎಂಬ ಇನ್ನೊಂದು ನ್ಯಾಯಬೆಲೆ ಬಳಕೆಗೆ ಬಂದಿದೆ. ‘ನ್ಯಾಯಯುತ ವ್ಯಾಪಾರ’ ಎಂದು ನಾವದನ್ನು ಕನ್ನಡಿಸಬಹುದು. ಇಲ್ಲಿನ ನ್ಯಾಯ ಬೆಳೆಯುವವರ ಪಾಲಿನದು. ಕಾಫಿ, ಕೋಕೋ, ಬಾಳೆ, ಗೋಡಂಬಿಗಳನ್ನು ಬೆಳೆಯುವ ಬಡ ದೇಶಗಳ ಸಣ್ಣ ರೈತರಿಗೆ ಮಾರುಕಟ್ಟೆ ಕುಸಿದಾಗಲೂ ಇಂತಿಷ್ಟು ಬೆಲೆ ಸಿಕ್ಕೇ ಸಿಗಬೇಕು ಎಂಬುದು ಅದರ ತತ್ತ್ವ.

ಕೊಳ್ಳುವವರಿಗೊಂದು ನ್ಯಾಯ, ಬೆಳೆಯುವವರಿಗೊಂದು ನ್ಯಾಯ. ಆದರೆ ಕೊಳ್ಳಲು ಶಕ್ತಿಯಿಲ್ಲದ, ಬೆಳೆಯಲು ನೆಲವಿಲ್ಲದ ಒಂದು ಜನವರ್ಗ ಈ ಎರಡರ ನಡುವೆ ಇದೆ. ಗಿಡದ ಬುಡ ಬಿಡಿಸಿದ ಕೈ, ಹಣ್ಣು ಕುಯ್ದ ಕೈ, ಮೂಟೆ ಹೊತ್ತ ಹೆಗಲು ಅವರವು. ಅವರ ನ್ಯಾಯ ಯಾವ ಅಂಗಡಿಯಲ್ಲಿ ದೊರೆಯುತ್ತದೆ? ಕೂಲಿಕಾರರ ಕೈಗೆ ತಲುಪದ ಬೆಲೆಯನ್ನು ನ್ಯಾಯಬೆಲೆ ಎನ್ನಲಾಗದು ಎಂಬುದು ಈ ಲೇಖನದ ನಿಲುವು. ಈ ನಿಲುವನ್ನು ಒರೆಗೆ ಹಚ್ಚಲು ದೂರದ ಆಫ್ರಿಕಕ್ಕೋ ಲ್ಯಾಟಿನ್ ಅಮೆರಿಕಕ್ಕೋ ಹೋಗಬೇಕಾಗಿಲ್ಲ. ನಮ್ಮ ಗಡಿಗೆ ತಾಗಿದಂತಿರುವ ವಯನಾಡು ಜಿಲ್ಲೆಯ ಪನಮರಂ ಸಾಕು.

ಪನಮರಂ ಸಣ್ಣ ಪೇಟೆ. ಸುತ್ತ ದಿಬ್ಬಗಳ ಮೇಲೆ ಕಾಫಿ, ಕರಿಮೆಣಸು, ಅಡಿಕೆಯ ತೋಟಗಳಿವೆ, ತಗ್ಗಿನಲ್ಲಿ ಗದ್ದೆಗಳಿವೆ. ಕನ್ನಡದ ವಿದ್ಯಾರ್ಥಿಗಳಿಗೆ ಇದು ಪರನಾಡೆನಿಸಬೇಕಾಗಿಲ್ಲ. ‘ವಯನಾಡು’ ಎಂಬುದನ್ನು ‘ವಯಲ್‌ನಾಡು’ ಎಂದು ಬಿಡಿಸುವವರಿದ್ದಾರೆ. ಆ ‘ವಯಲ್’ ನಮ್ಮ ‘ಬಯಲು’. ಪನಮರದ ಬಳಿಯ ಪುತ್ತಂಗಾಡಿಯಲ್ಲಿ ವಿಷ್ಣುಗುಡಿ, ಜನಾರ್ದನಗುಡಿ ಎಂಬ ಎರಡು ಪಾಳುಬಿದ್ದ ಕಲ್ಲಿನ ಕಟ್ಟಡಗಳಿವೆ. ಅವು ವಿಜಯನಗರ ಕಾಲದ ಜೈನ ನಿರ್ಮಾಣಗಳೆಂದು ಹೇಳುತ್ತಾರೆ. ಮೈಸೂರು ಸೀಮೆಗೂ ಮಲಬಾರಿನ ಕರಾವಳಿಗೂ ನಡುವೆ ಸರಕು ಸಾಗಿಸುತ್ತಿದ್ದ ಜೈನ ವರ್ತಕರು ನಡೆದ ದಾರಿ ಇದು. ‘ಗುಡಿ’ಯೂ ‘ಅಂಗಡಿ’ಯೂ ಈ ಸ್ಥಳನಾಮಗಳಲ್ಲಿ ಉಳಿದುಕೊಂಡಿರುವುದು ಆಕಸ್ಮಿಕವಲ್ಲ. ಪನಮರದ ಹೊಳೆ ಮಾನಂದವಾಡಿಯ ಹೊಳೆಯನ್ನು ಕೂಡಿ ಕಬಿನಿಯಾಗುತ್ತದೆ. ಹೆಗ್ಗಡದೇವನಕೋಟೆಯ ಬೀಚನಹಳ್ಳಿ ಅಣೆಕಟ್ಟಿನಲ್ಲಿ ತಂಗಿ, ನಂಜನಗೂಡನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನೀರು ಹರಿದುಬಂದ ದಿಕ್ಕಿನಲ್ಲೇ ಇಂದು ದುಡಿಮೆಯೂ ಹರಿದು ಬರುತ್ತಿದೆ. ಅದಕ್ಕೆ ಮುಂದೆ ಬರುತ್ತೇನೆ.

1802ರಲ್ಲಿ ಎಡಚೇನ ಕುಂಕನ್ ಮತ್ತು ತಲಕ್ಕಲ್ ಚಂತು ಅವರ ಮುಂದಾಳುತನದಲ್ಲಿ ಕುರಿಚ್ಯ ಬಿಲ್ಲಾಳುಗಳು ಪನಮರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕೋಟೆಯ ಮೇಲೆ ಬಿದ್ದು ಅದನ್ನು ವಶಪಡಿಸಿಕೊಂಡರು. ತಲಕ್ಕಲ್ ಚಂತುವಿನ ಸ್ಮಾರಕ ಇಂದಿಗೂ ಆ ಊರಿನಲ್ಲಿದೆ. ಬಿಲ್ಲು ಹಿಡಿದವರನ್ನು ಚರಿತ್ರೆ ಹೆಸರಿಟ್ಟು ನೆನೆಯುತ್ತದೆ. ಅದೇ ನೆಲದ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ನೆಟ್ಟು ಕುಯ್ದ ಪಣಿಯರ, ಅಡಿಯರ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಗೊತ್ತಿರುವುದು ಅವರ ಸಮುದಾಯಗಳ ಹೆಸರುಗಳು ಮಾತ್ರ. ಆ ಹೆಸರುಗಳನ್ನು ಭಾಷೆಯ ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕು. ಮಲಯಾಳದಲ್ಲಿ ‘ಪಣಿ’ ಎಂದರೆ ಕೆಲಸ; ಪಣಿಯರೆಂದರೆ ಕೆಲಸದವರು. ‘ಅಡಿಯ’ ಎಂಬುದು ನಮ್ಮ ‘ಅಡಿಯಾಳು’ ಶಬ್ದದ ಒಡಹುಟ್ಟು. ಪಾದದ ಕೆಳಗಿನವರು ಎಂಬ ಭಾವ ಅದರಲ್ಲಿದೆ. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ‘ರಾವುಳ’ರೆಂದು. ಇದೇ ಸಮುದಾಯಗಳು ಕೊಡಗಿನಲ್ಲಿ ಪಣಿಯರವ, ಪಂಜಿರಿ ಯರವ ಎಂಬ ಹೆಸರುಗಳನ್ನು ಹೊತ್ತಿವೆ. ‘ಯರವ’ ಎಂಬುದಕ್ಕೆ ‘ಎರವು’ ಶಬ್ದವೇ ಮೂಲ, ಅಂದರೆ ಎರವಲಾಗಿ ತಂದುಕೊಂಡ ಆಳು ಎಂಬ ವಿವರಣೆಯೂ ಇದೆ. ಕೆಲಸ, ಅಡಿಯಾಳುತನ, ಎರವಲು: ಈ ಮೂರು ಹೆಸರುಗಳನ್ನೂ ಇಟ್ಟವರು ಒಡೆಯರು. ಒಂದು ಜನಸಮುದಾಯದ ಇಡಿಯ ಅಸ್ತಿತ್ವವನ್ನು ಅವರ ದುಡಿಮೆಗೆ ಇಳಿಸಿಬಿಟ್ಟ ವ್ಯವಸ್ಥೆಯ ಗುರುತು ಅವು.

ಆ ವ್ಯವಸ್ಥೆಗೊಂದು ಮಾರುಕಟ್ಟೆಯೂ ಇತ್ತು. ಮಾನಂದವಾಡಿಯ ಸಮೀಪ ಹೊಳೆಯ ದಂಡೆಯ ಮೇಲಿರುವ ವಳ್ಳಿಯೂರ್‌ಕಾವು ಭಗವತಿಯ ಜಾತ್ರೆ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಹದಿನಾಲ್ಕು ದಿನ ನಡೆಯುತ್ತದೆ. ವಯನಾಡಿನ ಜಮೀನುದಾರರು ಮುಂದಿನ ಒಂದು ವರ್ಷಕ್ಕೆ ಆಳುಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದುದು ಈ ಜಾತ್ರೆಯಲ್ಲೇ. ದೇವಿಯ ಸನ್ನಿಧಿಯಲ್ಲಿ ಆಳಿನ ಕೈಗೆ ಒಂದಿಷ್ಟು ಹಣ ಕೊಡುತ್ತಿದ್ದರು. ಅದರ ಹೆಸರು ‘ನಿಲ್ಪುಪಣಂ’, ಅಂದರೆ ನಿಲ್ಲುವುದಕ್ಕೆ ಕೊಟ್ಟ ಹಣ. ಅದನ್ನು ಮುಟ್ಟಿದ ಮೇಲೆ ಗಂಡ, ಹೆಂಡತಿ, ಮಕ್ಕಳೆಲ್ಲ ವರ್ಷವಿಡೀ ಆ ಒಡೆಯನ ನೆಲದಲ್ಲೇ ನಿಲ್ಲಬೇಕು, ಬೇರೆಡೆಗೆ ಹೋಗುವಂತಿಲ್ಲ. ದಿನದ ಕೂಲಿ ನಾಣ್ಯವಲ್ಲ, ಅಳೆದು ಕೊಟ್ಟ ಭತ್ತ. ದೈವಭಯವೇ ಇಲ್ಲಿ ಕರಾರುಪತ್ರವಾಗಿತ್ತು. ಪಿ. ವತ್ಸಲಾ ಅವರ ‘ನೆಲ್ಲು’ (1972) ತಿರುನೆಲ್ಲಿ ಪ್ರದೇಶದ ಈ ಬದುಕನ್ನು ಮಲಯಾಳದ ಓದುಗರ ಮುಂದಿಟ್ಟಿತು, ಕೆ. ಜೆ. ಬೇಬಿ ಅವರ ‘ನಾಡುಗದ್ದಿಕ’ ನಾಟಕ ಅದನ್ನು ರಂಗಕ್ಕೆ ತಂದಿತು.

ಕಾನೂನುಗಳು ಬಾರದೇ ಇರಲಿಲ್ಲ. 1843ರ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. ಸ್ವತಂತ್ರ ಭಾರತದ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂದು, ಜೀತದ ಸಾಲಗಳೆಲ್ಲ ಅಳಿದುಹೋದುವೆಂದು ಸಾರಿತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಸಿವಿನ ಒತ್ತಡದಿಂದ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ಒಪ್ಪಿ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ಅದು ತೀರ್ಪಿತ್ತಿತು. ಈ ತೀರ್ಪನ್ನು ನೆನಪಿನಲ್ಲಿಡಬೇಕು. ಏಕೆಂದರೆ ಸರಪಳಿ ಕಾಣದಿದ್ದರೆ ಜೀತವಿಲ್ಲ ಎಂಬ ನಮ್ಮ ಸಾಮಾನ್ಯ ಭಾವನೆಯನ್ನು ಅದು ಅಲ್ಲಗಳೆಯುತ್ತದೆ.

ನ್ಯಾಯಯುತ ವ್ಯಾಪಾರದ ಮೊದಲ ಮುದ್ರೆಗೆ ಹೆಸರು ಬಂದದ್ದೂ ಇಂಥದೇ ಒಂದು ದುಡಿಮೆಯ ಕಥೆಯಿಂದ. ‘ಮುಲ್ತಾತುಲಿ’ ಎಂಬ ಕಾವ್ಯನಾಮದ ಡಚ್ ಲೇಖಕ 1860ರಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಎಂಬ ಕಾದಂಬರಿಯನ್ನು ಪ್ರಕಟಿಸಿದ. ಜಾವಾ ದ್ವೀಪದ ರೈತರಿಂದ ಡಚ್ ಆಡಳಿತ ಒತ್ತಾಯದಿಂದ ಕಾಫಿ ಬೆಳೆಸಿಕೊಳ್ಳುತ್ತಿದ್ದ ಕಾಲ ಅದು. 1988ರಲ್ಲಿ ನೆದರ್ಲೆಂಡ್ಸಿನಲ್ಲಿ ಮೊದಲ ನ್ಯಾಯಯುತ ವ್ಯಾಪಾರದ ಮುದ್ರೆ ರೂಪುಗೊಂಡಾಗ ಅದಕ್ಕೆ ಈ ಕಾದಂಬರಿಯ ಹೆಸರನ್ನೇ ಇಟ್ಟರು. ಮುದ್ರೆ ಹೊತ್ತ ಮೊದಲ ಕಾಫಿ ಮೆಕ್ಸಿಕೋದ ಆದಿವಾಸಿ ಬೆಳೆಗಾರರ ಸಹಕಾರ ಸಂಘದಿಂದ ಬಂದದ್ದು. ಒಂದು ಸಾಹಿತ್ಯಕೃತಿ ನೂರಿಪ್ಪತ್ತೆಂಟು ವರ್ಷಗಳ ಬಳಿಕ ಒಂದು ವ್ಯಾಪಾರಪದ್ಧತಿಗೆ ಹೆಸರಾಯಿತೆಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಸಣ್ಣ ಸಂಗತಿಯಲ್ಲ.

ಆ ಮುದ್ರೆಯ ಅಗತ್ಯ ಬೇಗನೆ ಸಾಬೀತಾಯಿತು. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಪ್ರಕಾರ ದೇಶದೇಶಗಳಿಗೆ ರಫ್ತಿನ ಪಾಲನ್ನು ಗೊತ್ತುಮಾಡುವ ಪದ್ಧತಿ 1989ರಲ್ಲಿ ಮುರಿದುಬಿತ್ತು. ವಿಯೆಟ್ನಾಂನ ರೊಬಸ್ಟಾ ಮಾರುಕಟ್ಟೆಯನ್ನು ತುಂಬಿತು. 1980ರ ದಶಕದಲ್ಲಿ ಬಹುಮಟ್ಟಿಗೆ ಪೌಂಡಿಗೆ ಒಂದು ಡಾಲರಿಗಿಂತ ಮೇಲಿದ್ದ ಕಾಫಿಯ ಸರಾಸರಿ ಬೆಲೆ 2001ರಲ್ಲಿ ಸುಮಾರು 46 ಸೆಂಟುಗಳಿಗೆ ಇಳಿಯಿತು. ಕರಿಮೆಣಸಿನ ಬೆಲೆಯೂ ಕುಸಿಯಿತು, ಬಳ್ಳಿಗೆ ರೋಗವೂ ತಗುಲಿತು. ವಯನಾಡಿನಲ್ಲಿ ರೈತರ ಆತ್ಮಹತ್ಯೆಗಳು ಸರಣಿಯಾಗಿ ನಡೆದುವು. 2006ರಲ್ಲಿ ಕೇಂದ್ರ ಸರಕಾರ ಸಂಕಷ್ಟದ ಜಿಲ್ಲೆಗಳೆಂದು ಗುರುತಿಸಿ ಪರಿಹಾರ ಘೋಷಿಸಿದ 31 ಜಿಲ್ಲೆಗಳಲ್ಲಿ ಕೇರಳದ ವಯನಾಡು, ಕಾಸರಗೋಡುಗಳಿದ್ದಂತೆ ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರುಗಳೂ ಇದ್ದುವು. ದೂರದ ಲಂಡನ್ನಿನಲ್ಲಿ ಗೊತ್ತಾಗುವ ಬೆಲೆ ಪನಮರದ ಅಂಗಳದಲ್ಲಿ ಒಣಗುತ್ತಿರುವ ಕಾಫಿಯ ಮೇಲೆ ಹೇಗೆ ಬೀಳುತ್ತದೆಂಬುದನ್ನು ಆ ವರ್ಷಗಳು ಕಲಿಸಿದುವು. ವಯನಾಡಿನ ಜೈನ ಗೌಡರ್ ಮನೆತನದಲ್ಲಿ ಹುಟ್ಟಿದ ಎಂ. ಪಿ. ವೀರೇಂದ್ರಕುಮಾರ್ ಅವರು ಗ್ಯಾಟ್ ಒಪ್ಪಂದದ ಕಾಣದ ದಾರಗಳ ಕುರಿತು ಮಲಯಾಳದಲ್ಲಿ ಒಂದು ಪುಸ್ತಕವನ್ನೇ ಬರೆದು ಎಚ್ಚರಿಸಿದ್ದರು.

ಇಂಥ ಸಂಕಟದ ನಡುವೆ, 2006ರಲ್ಲಿ, ಫೇರ್ ಟ್ರೇಡ್ ಅಲಯನ್ಸ್ ಕೇರಳ ಎಂಬ ಸಣ್ಣ ರೈತರ ಒಕ್ಕೂಟ ಹುಟ್ಟಿಕೊಂಡಿತು. ವಯನಾಡು, ಕಣ್ಣೂರು, ಕಾಸರಗೋಡು ಮೊದಲಾದ ಜಿಲ್ಲೆಗಳ ಸಾವಿರಾರು ರೈತರು ಅದರ ಸದಸ್ಯರು. ಗೋಡಂಬಿ, ಕಾಫಿ, ಸಾಂಬಾರ ಪದಾರ್ಥಗಳನ್ನು ಯೂರೋಪಿನ ಮಾರುಕಟ್ಟೆಗೆ ನ್ಯಾಯಯುತ ವ್ಯಾಪಾರದ ದಾರಿಯಲ್ಲಿ ತಲುಪಿಸುವುದು ಅದರ ಕೆಲಸ. ಬೆಲೆಯೊಂದನ್ನೇ ಹಿಡಿದು ಕೂರದೆ ಜೀವವೈವಿಧ್ಯ, ಆಹಾರ ಭದ್ರತೆ, ಸ್ತ್ರೀಸಮಾನತೆಗಳನ್ನೂ ತನ್ನ ಗುರಿಯಾಗಿ ಅದು ಇಟ್ಟುಕೊಂಡಿದೆ. ಬೀಜಗಳ ಹಬ್ಬವನ್ನು ನಡೆಸುತ್ತದೆ. ಇದನ್ನು ಮೆಚ್ಚದಿರುವುದು ಕೃತಘ್ನತೆ. ಅಂತಾರಾಷ್ಟ್ರೀಯ ಫೇರ್‌ಟ್ರೇಡ್ ಸಂಸ್ಥೆಯ ನಿಯಮದಂತೆ 2023ರ ಆಗಸ್ಟಿನಿಂದ ತೊಳೆದು ಸಂಸ್ಕರಿಸಿದ ಅರೇಬಿಕಾದ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್, ಒಣಗಿಸಿ ಸಂಸ್ಕರಿಸಿದ ರೊಬಸ್ಟಾಕ್ಕೆ 1.20 ಡಾಲರ್. ಇದರ ಮೇಲೆ ಪೌಂಡಿಗೆ 20 ಸೆಂಟುಗಳ ಸಮುದಾಯ ನಿಧಿ. ಮಾರುಕಟ್ಟೆ ಪಾತಾಳಕ್ಕಿಳಿದರೂ ರೈತರ ಕಾಲ ಕೆಳಗೆ ಒಂದು ಮೆಟ್ಟಿಲು ಇರುತ್ತದೆ.

ಆದರೆ ಆ ಮೆಟ್ಟಿಲ ಮೇಲೆ ಯಾರೆಲ್ಲ ನಿಂತಿದ್ದಾರೆಂದು ಕೇಳಲೇಬೇಕು. ಕಾಫಿಯ ಮಟ್ಟಿಗೆ ಈ ಮುದ್ರೆ ದೊರೆಯುವುದು ಸಣ್ಣ ಬೆಳೆಗಾರರ ಸಂಘಗಳಿಗೆ. ನಿಧಿಯನ್ನು ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವುದು ಸದಸ್ಯರ ಸಭೆ. ಸದಸ್ಯರಾಗಬೇಕಾದರೆ ಬೆಳೆ ಇರಬೇಕು, ಬೆಳೆಗೆ ನೆಲ ಇರಬೇಕು. ನೆಲವಿಲ್ಲದ ಪಣಿಯರ ಹೆಂಗಸು ಅದೇ ತೋಟದಲ್ಲಿ ಮೂವತ್ತು ವರ್ಷ ಕಾಫಿ ಕುಯ್ದಿದ್ದರೂ ಆ ಸಭೆಗೆ ಅವಳಿಗೆ ಕರೆಯಿಲ್ಲ. ಬಲವಂತದ ದುಡಿಮೆ, ಬಾಲದುಡಿಮೆಗಳು ಕೂಡವೆಂಬ ನಿಯಮಗಳು ಮುದ್ರೆಯ ಕಟ್ಟಳೆಯಲ್ಲಿ ಉಂಟು. ಅವು ಅವಳನ್ನು ಅನ್ಯಾಯದಿಂದ ಕಾಪಾಡಬೇಕಾದ ವ್ಯಕ್ತಿಯಾಗಿ ಕಾಣುತ್ತವೆ, ಬೆಲೆಯ ಪಾಲುದಾರಳಾಗಿ ಕಾಣುವುದಿಲ್ಲ.

ಇದು ಬರಿಯ ಊಹೆಯ ಆಕ್ಷೇಪವಲ್ಲ. ಲಂಡನ್ ವಿಶ್ವವಿದ್ಯಾನಿಲಯದ ಸೋಯಾಸ್ ಸಂಸ್ಥೆಯ ಸಂಶೋಧಕರು ಇಥಿಯೋಪಿಯ ಮತ್ತು ಉಗಾಂಡಗಳಲ್ಲಿ ಕಾಫಿ, ಚಹಾ, ಹೂಗಳ ಬೆಳೆಯಲ್ಲಿ ದುಡಿಯುವವರ ಸ್ಥಿತಿಯನ್ನು ಕೆಲವು ವರ್ಷಗಳ ಕಾಲ ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಮುದ್ರೆಯುಳ್ಳ ಸಂಘಗಳ ಪ್ರದೇಶಗಳಲ್ಲಿ ಕೂಲಿಯವರ ಸ್ಥಿತಿ ಮುದ್ರೆಯಿಲ್ಲದ ಪ್ರದೇಶಗಳಿಗಿಂತ ಉತ್ತಮವಾಗಿರಲಿಲ್ಲ. ಎಷ್ಟೋ ಕಡೆ ಕೂಲಿ ಇನ್ನೂ ಕಡಿಮೆಯಿತ್ತು ಎಂಬುದು ಅವರ ನಿರ್ಣಯ. ಫೇರ್‌ಟ್ರೇಡ್ ಸಂಸ್ಥೆ ಆ ಹೋಲಿಕೆಯ ಕ್ರಮವನ್ನು ಒಪ್ಪಲಿಲ್ಲ. ಆದರೂ ಆ ವರದಿಯ ಮುಖ್ಯ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ‘ಸಣ್ಣ ರೈತ’ ಎಂಬ ಚಿತ್ರದಲ್ಲಿ ಒಂದು ಕುಟುಂಬ ತನ್ನ ನೆಲವನ್ನು ತಾನೇ ದುಡಿಯುತ್ತಿರುತ್ತದೆ. ನಿಜದಲ್ಲಿ ಆ ಸಣ್ಣ ನೆಲದಲ್ಲೂ ಕುಯ್ಲಿನ ಕಾಲಕ್ಕೆ ಕೂಲಿಯವರಿರುತ್ತಾರೆ, ಅವರು ರೈತರಿಗಿಂತಲೂ ಬಡವರಾಗಿರುತ್ತಾರೆ.

ನಮ್ಮ ಕಾನೂನಿನಲ್ಲೂ ಇಂಥದೇ ಬಿರುಕಿದೆ. ತೋಟ ಕಾರ್ಮಿಕರಿಗೆ ಮನೆ, ಕುಡಿಯುವ ನೀರು, ಚಿಕಿತ್ಸೆ, ಶಿಶುವಿಹಾರ ಒದಗಿಸಬೇಕೆಂದು ಹೇಳಿದ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಐದು ಹೆಕ್ಟೇರಿಗೂ ಹದಿನೈದು ಕಾರ್ಮಿಕರಿಗೂ ಕಡಿಮೆಯಿಲ್ಲದ ತೋಟಗಳಿಗೆ ಅನ್ವಯಿಸುತ್ತಿತ್ತು. ವಯನಾಡಿನ ಬಹುಪಾಲು ಹಿಡುವಳಿಗಳು ಅದಕ್ಕಿಂತ ಚಿಕ್ಕವು. ದೊಡ್ಡ ತೋಟದ ಲೈನ್‌ಮನೆಯಲ್ಲಿ ವಾಸಿಸುವವರಿಗೆ ಕಾಗದದ ಮೇಲಾದರೂ ಹಕ್ಕೊಂದಿತ್ತು. ಸಣ್ಣ ತೋಟಕ್ಕೆ ದಿನಗೂಲಿಗೆ ಹೋಗುವವರಿಗೆ ಅದೂ ಇರಲಿಲ್ಲ. ಹೀಗೆ ‘ಸಣ್ಣದು’ ಎಂಬ ಕರುಣೆಯ ಪದವೇ ಕೂಲಿಯವರ ಮಟ್ಟಿಗೆ ಅವರ ಹಕ್ಕನ್ನು ನುಂಗುವ ಪದವಾಗುತ್ತದೆ.

ಈಗ ಹೊಳೆಯ ದಿಕ್ಕಿನಲ್ಲಿ ಹರಿದುಬರುವ ದುಡಿಮೆಯ ಮಾತಿಗೆ ಬರೋಣ. ಕಾಫಿ, ಮೆಣಸುಗಳು ಕೈಕೊಟ್ಟ ಮೇಲೆ ವಯನಾಡಿನ ಅನೇಕ ರೈತರು ಶುಂಠಿಯ ಬೆನ್ನು ಹತ್ತಿದರು. ಶುಂಠಿ ನೆಲದ ಸಾರವನ್ನು ಹೀರುವ ಬೆಳೆ. ಕೊಳೆರೋಗ ಹೊಕ್ಕ ನೆಲದಲ್ಲಿ ಮರುವರ್ಷವೇ ಅದನ್ನು ಹಾಕುವಂತಿಲ್ಲ. ವರ್ಷವರ್ಷವೂ ಹೊಸ ನೆಲ ಬೇಕು. ಆದ್ದರಿಂದ ಅವರು ಕೊಡಗು, ಮೈಸೂರು, ಚಾಮರಾಜನಗರ, ಶಿವಮೊಗ್ಗ ಜಿಲ್ಲೆಗಳಲ್ಲಿ ನೆಲವನ್ನು ಗುತ್ತಿಗೆಗೆ ಹಿಡಿದರು. ಜೊತೆಗೆ ತಮ್ಮ ಊರಿನ ಪಣಿಯರನ್ನು, ಅಡಿಯರನ್ನು, ನಮ್ಮ ಜೇನುಕುರುಬರ ಬಂಧುಗಳೇ ಆದ ಕಾಟ್ಟುನಾಯಕರನ್ನು ಕರೆತಂದರು. ಕೊಡಗಿನ ಕಾಫಿ ಕುಯ್ಲಿಗೂ ವಯನಾಡಿನಿಂದ ಆಳುಗಳು ಬರುತ್ತಾರೆ. ತೋಲ್ಪೆಟ್ಟಿ ದಾಟಿ ಕುಟ್ಟಕ್ಕೆ, ಬಾವಲಿ ದಾಟಿ ಹೆಗ್ಗಡದೇವನಕೋಟೆಗೆ ಜೀಪುಗಳಲ್ಲಿ ಅವರ ಪಯಣ.

ಗಡಿ ದಾಟಿದೊಡನೆ ಅವರ ಗುರುತು ಕಳೆದುಹೋಗುತ್ತದೆ. ಕೇರಳದ ಕಾರ್ಮಿಕ ಇಲಾಖೆಗೆ ಅವರು ಊರಿನಲ್ಲಿಲ್ಲದವರು. ಕರ್ನಾಟಕದ ಇಲಾಖೆಗೆ ಅವರು ಬಂದದ್ದೇ ಗೊತ್ತಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರಲ್ಲೇ ಬಂದಿತ್ತು; ಗುತ್ತಿಗೆದಾರರು ಪರವಾನಗಿ ಪಡೆಯಬೇಕು, ಕಾರ್ಮಿಕರಿಗೆ ಕೂಲಿ ಮತ್ತು ಮುಂಗಡಗಳ ವಿವರವಿರುವ ಪುಸ್ತಕ ಕೊಡಬೇಕು ಎಂದು ಅದು ವಿಧಿಸಿತ್ತು. ಜೀಪಿನಲ್ಲಿ ಬರುವ ಎಷ್ಟು ಜನರ ಕೈಯಲ್ಲಿ ಅಂಥ ಪುಸ್ತಕವಿದೆ? ಹೊಲದ ಬದಿಯ ಪ್ಲಾಸ್ಟಿಕ್ ಹೊದಿಸಿದ ಶೆಡ್ಡುಗಳೇ ಅವರ ಮನೆ. ಶುಂಠಿಗೆ ಬಿತ್ತನೆಯಿಂದ ಹಿಡಿದು ಕೀಳುವವರೆಗೆ ಮತ್ತೆ ಮತ್ತೆ ಸಿಂಪಡಣೆ ಬೇಕು. ನಮ್ಮ ರೈತರು ಅದನ್ನು ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ವಿಷಕ್ಕೆ ಔಷಧಿಯೆಂಬ ಹೆಸರು ಅಂಟಿದ ಮೇಲೆ ಕೈಗವಸು, ಮುಖಗವಸುಗಳ ಅಗತ್ಯ ಯಾರಿಗೂ ತೋಚುವುದಿಲ್ಲ. ಕೊಡಗಿಗೆ ಕೆಲಸಕ್ಕೆ ಹೋದ ವಯನಾಡಿನ ಆದಿವಾಸಿಗಳ ಅಸಹಜ ಸಾವುಗಳ ಸುದ್ದಿ ಕೇರಳದ ಪತ್ರಿಕೆಗಳಲ್ಲಿ ಹಲವು ಸಲ ಪ್ರಕಟವಾಗಿದೆ. ಕನ್ನಡದ ಓದುಗರಲ್ಲಿ ಎಷ್ಟು ಜನ ಅದನ್ನು ಓದಿದ್ದೇವೆ? ಸಾವು ಸಂಭವಿಸಿದ್ದು ನಮ್ಮ ನೆಲದಲ್ಲಿ. ಅಳು ಕೇಳಿಸಿದ್ದು ಇನ್ನೊಂದು ಭಾಷೆಯಲ್ಲಿ.

ಇಲ್ಲಿ ಒಂದು ಪ್ರತಿವಾದ ಎದ್ದೇ ಏಳುತ್ತದೆ, ಅದು ಪ್ರಾಮಾಣಿಕವಾದುದೂ ಹೌದು. ‘ಸಾಲದಲ್ಲಿ ಮುಳುಗಿದ ಸಣ್ಣ ರೈತ ಕೂಲಿ ಹೆಚ್ಚಿಸುವುದಾದರೂ ಎಲ್ಲಿಂದ? ಅವನೇ ವಿಷ ಕುಡಿಯುತ್ತಿರುವಾಗ ಅವನನ್ನೇ ಅಪರಾಧಿಯನ್ನಾಗಿ ಮಾಡುವುದು ಸರಿಯೇ?’ ಬೆಲೆ ಕುಸಿದ ವರ್ಷದಲ್ಲಿ ರೈತರೂ ಕೂಲಿಯವರೂ ಒಂದೇ ದೋಣಿಯಲ್ಲಿರುತ್ತಾರೆಂಬುದು ನಿಜ. ಹಾಗಾಗಿಯೇ ನ್ಯಾಯಯುತ ವ್ಯಾಪಾರ ಬೇಕು. ಅದನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಬೆಲೆ ಏರಿದ ವರ್ಷದಲ್ಲಿ ಏನಾಗುತ್ತದೆಂಬುದನ್ನೂ ನೋಡಬೇಕು. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾದ ಬೆಲೆ ಟನ್ನಿಗೆ 5,000 ಡಾಲರನ್ನು ದಾಟಿತು. ಕಾಫಿ ನಾಡುಗಳಲ್ಲಿ ಸಂತೋಷ ಮೂಡಿತು, ಅದು ಸಹಜ. ಆ ವರ್ಷ ನಮ್ಮ ಪರಿಚಯದ ತೋಟಗಳಲ್ಲಿ ಕುಯ್ಲಿನ ಕೂಲಿಯೂ ಬೆಲೆಯ ಜೊತೆಜೊತೆಗೆ ಏರಿತೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ವಿಚಾರಿಸಿಕೊಳ್ಳಬಹುದು. ಬೆಲೆ ಬಿದ್ದಾಗ ಅದರ ಪೆಟ್ಟನ್ನು ಮೊದಲು ಕೂಲಿಗೆ ವರ್ಗಾಯಿಸುವ, ಬೆಲೆ ಎದ್ದಾಗ ಅದರ ಲಾಭವನ್ನು ಕೂಲಿಯವರೆಗೆ ಇಳಿಯಗೊಡದ ಪದ್ಧತಿಯಿದ್ದರೆ, ಅಲ್ಲಿನ ಕೊರತೆ ಬೆಲೆಯದ್ದಲ್ಲ, ಹಂಚಿಕೆಯದ್ದು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ನ್ಯಾಯಯುತ ವ್ಯಾಪಾರದ ಸಂಘಗಳು ತಮ್ಮ ತೋಟಗಳಲ್ಲಿ ದುಡಿಯುವವರನ್ನು ಸಭೆಯ ಒಳಗೆ ತರಬೇಕು. ಸಮುದಾಯ ನಿಧಿಯ ಒಂದು ಗೊತ್ತಾದ ಪಾಲು ಕೂಲಿಯವರದೇ ಸಭೆಯ ತೀರ್ಮಾನದಂತೆ ಖರ್ಚಾಗಬೇಕು. ‘ಸಮುದಾಯ’ ಎಂಬ ಪದಕ್ಕೆ ಆಗಲೇ ಅರ್ಥ ಬರುತ್ತದೆ. ಎರಡನೆಯದಾಗಿ, ಮುಂಗಡ ಹಣದ ಲೆಕ್ಕವನ್ನು ಹಾಜರಿ ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಕೂಲಿಯವರ ಕೈಗೇ ಕೊಡಬೇಕು. ಮದುವೆಗೋ ಆಸ್ಪತ್ರೆಗೋ ಕೊಟ್ಟ ಮುಂಗಡ ಹೊಸ ಕಾಲದ ನಿಲ್ಪುಪಣವಾಗುವುದು ಲೆಕ್ಕ ಬಾಯಿಮಾತಿನಲ್ಲಿ ಉಳಿದಾಗ. ಮೂರನೆಯದಾಗಿ, ಕೇರಳ ಮತ್ತು ಕರ್ನಾಟಕದ ಕಾರ್ಮಿಕ ಇಲಾಖೆಗಳು ಗಡಿಯ ಎರಡೂ ಬದಿಯಲ್ಲಿ ಒಂದೇ ಪಟ್ಟಿಯನ್ನು ಇಟ್ಟುಕೊಳ್ಳಬೇಕು. ಬಂದವರೆಷ್ಟು, ಯಾರ ಹೊಲಕ್ಕೆ, ಎಷ್ಟು ಕೂಲಿಗೆ, ಹಿಂದಿರುಗಿದವರೆಷ್ಟು ಎಂಬಿಷ್ಟನ್ನು ತಿಳಿಯುವುದು ಅಸಾಧ್ಯವೇನಲ್ಲ. ನೆಲವನ್ನು ಗುತ್ತಿಗೆಗೆ ಕೊಡುವ ನಮ್ಮ ರೈತರಿಗೂ ಇದರಲ್ಲಿ ಹೊಣೆಯಿದೆ. ನೆಲದ ಬಾಡಿಗೆ ಪಡೆದವರು ಆ ನೆಲದ ಮೇಲೆ ನಡೆಯುವುದಕ್ಕೆ ಕಣ್ಣು ಮುಚ್ಚಿಕೊಳ್ಳುವಂತಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಮುಖ್ಯವಾದದ್ದು. ಅದು ನೆಲ. 2011ರ ಜನಗಣತಿಯಂತೆ ವಯನಾಡಿನ ಜನಸಂಖ್ಯೆಯಲ್ಲಿ ಶೇ. 18.5ರಷ್ಟು ಪರಿಶಿಷ್ಟ ಪಂಗಡದವರು. ಅವರಲ್ಲಿ ಪಣಿಯರೇ ಅತಿ ಹೆಚ್ಚು. ಕಳೆದುಹೋದ ಆದಿವಾಸಿ ಭೂಮಿಯನ್ನು ಮರಳಿಸುವ ಕಾಯಿದೆಯನ್ನು ಕೇರಳ 1975ರಲ್ಲಿ ಮಾಡಿತು, ದಶಕಗಳ ಕಾಲ ಅದು ಜಾರಿಯಾಗದೆ ಉಳಿಯಿತು. ಅಡಿಯ ಸಮುದಾಯದ ಸಿ. ಕೆ. ಜಾನು ಅವರ ಮುಂದಾಳುತನದಲ್ಲಿ ಆದಿವಾಸಿಗಳು ಭೂಮಿಗಾಗಿ ಮುತ್ತಂಗದ ಕಾಡನ್ನು ಹೊಕ್ಕಾಗ, 2003ರ ಫೆಬ್ರವರಿ 19ರಂದು ಪೊಲೀಸರು ಗುಂಡು ಹಾರಿಸಿದರು. ಸ್ವಂತಕ್ಕೆ ಒಂದು ತುಂಡು ನೆಲವಿರುವವರು ಕೂಲಿ ಸರಿಯಿಲ್ಲದಾಗ ‘ಬರುವುದಿಲ್ಲ’ ಎನ್ನಬಲ್ಲರು. ಆ ಒಂದು ಮಾತನ್ನು ಹೇಳುವ ಶಕ್ತಿಯೇ ನಿಜವಾದ ಕನಿಷ್ಠ ವೇತನ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಆರ್ಥಿಕ ವಿಚಾರವೆಲ್ಲ ಏಕೆಂದು ಯಾರಾದರೂ ಕೇಳಬಹುದು. ಉತ್ತರ ನಮ್ಮ ಪಠ್ಯದಲ್ಲೇ ಇದೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ನಾವೆಲ್ಲ ಓದಿದ ಕಾದಂಬರಿ. ನೆಲದ ಆಸೆ ಹೊತ್ತ ಚೋಮನ ಕೈಗೆ ನೆಲ ಸಿಗುವುದಿಲ್ಲ, ಸಿಗುವುದು ಕಾಫಿ ತೋಟದ ಸಾಲ. ಅದನ್ನು ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ; ಒಬ್ಬ ಮಗ ಜ್ವರ ಹೊತ್ತು ತಂದು ಸಾಯುತ್ತಾನೆ, ಸಾಲ ಮಾತ್ರ ಹಾಗೆಯೇ ನಿಲ್ಲುತ್ತದೆ. ಕೊನೆಗೆ ಮಗಳು ಬೆಳ್ಳಿ ತೋಟಕ್ಕೆ ಹೋದಾಗ ಸಾಲ ವಜಾ ಆಗುವುದು ದುಡಿಮೆಯ ಲೆಕ್ಕದಿಂದಲ್ಲ. ತೋಟದ ಲೆಕ್ಕಪುಸ್ತಕ ಯಾರ ಕೈಯಲ್ಲಿದೆಯೋ ಅವನ ಮರ್ಜಿಯೇ ಅಲ್ಲಿ ನ್ಯಾಯ. ಈ ಕಾದಂಬರಿಯ ದುರಂತವನ್ನು ಕುರಿತು ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ, ಅದು ಮುಗಿದುಹೋದ ಕಾಲದ ಕಥೆಯೆಂಬ ಧಾಟಿಯಲ್ಲಿ. ಘಟ್ಟ ಹತ್ತಿ ಬರುವ ಜೀಪುಗಳು ಇಂದಿಗೂ ನಿಂತಿಲ್ಲ. ಬರುವ ದಿಕ್ಕು ಮಾತ್ರ ಬೇರೆ.

ನಮಗೆ ಭಾಷೆಯ ಹೊಣೆಯೂ ಇದೆ. ರಾವುಳರ ನುಡಿಯಲ್ಲಿ ಕನ್ನಡದ, ಕೊಡವದ ಬಂಧುತ್ವ ಕೇಳಿಸುತ್ತದೆ; ಕಾಟ್ಟುನಾಯಕರ ಮಾತು ಕನ್ನಡಕ್ಕೆ ಇನ್ನೂ ಹತ್ತಿರ. ಔಷಧಿಯ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು, ಆ ವರ್ಷದ ಕನಿಷ್ಠ ಕೂಲಿಯ ದರವನ್ನು, ದೂರು ಕೊಡಬೇಕಾದ ಕಚೇರಿಯ ಹೆಸರನ್ನು ಅವರ ಮಾತಿನಲ್ಲಿ ಅವರಿಗೆ ತಿಳಿಸಿಹೇಳುವುದು ಭಾಷಾ ವಿದ್ಯಾರ್ಥಿಗಳಿಗೆ ಆಗದ ಕೆಲಸವಲ್ಲ. ಜನಪದ ಗೀತೆಗಳನ್ನು ಸಂಗ್ರಹಿಸಲು ಹಾಡಿಗಳಿಗೆ ಹೋಗುವ ನಾವು, ಹಾಡಿದವರ ದಿನಗೂಲಿ ಎಷ್ಟೆಂದು ಕೇಳಿ ಬರೆದುಕೊಂಡರೆ ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿ ಕಳಪೆಯಾಗುವುದಿಲ್ಲ.

ನಮ್ಮ ತರಗತಿಗಳಲ್ಲಿ ಕಾಫಿ ತೋಟವಿರುವ ಮನೆಗಳ ಮಕ್ಕಳಿದ್ದಾರೆ. ಶುಂಠಿಗೆ ನೆಲ ಕೊಟ್ಟ ಮನೆಗಳವರಿದ್ದಾರೆ. ಅಂಥ ತೋಟಗಳಿಗೆ ಕೂಲಿಗೆ ಹೋಗುವ ತಾಯಿತಂದೆಯರ ಮಕ್ಕಳೂ ಅದೇ ಬೆಂಚಿನ ಮೇಲೆ ಕುಳಿತಿದ್ದಾರೆ. ದೂರದ ಯೂರೋಪಿನ ಗ್ರಾಹಕರು ಮುದ್ರೆ ನೋಡಿ ಕಾಫಿ ಕೊಳ್ಳಲಿ, ಅದು ಒಳ್ಳೆಯದೇ. ನಾವು ಮಾಡಬಹುದಾದದ್ದು ಅದಕ್ಕಿಂತ ಹತ್ತಿರದ ಕೆಲಸ. ಈ ರಜೆಯಲ್ಲಿ ಊರಿಗೆ ಹೋದಾಗ ಹಿರಿಯರೊಡನೆ ಕುಳಿತು ಮೂರು ಪ್ರಶ್ನೆ ಕೇಳೋಣ. ನಮ್ಮ ತೋಟದ ಹಾಜರಿ ಪುಸ್ತಕ ಎಲ್ಲಿದೆ? ಅದರ ಪ್ರತಿ ಕೆಲಸದವರ ಬಳಿ ಇದೆಯೇ? ಕಾಫಿಯ ಬೆಲೆ ಏರಿದ ವರ್ಷ ಅವರ ಕೂಲಿ ಎಷ್ಟು ಏರಿತು? ಕೂಲಿಗೆ ಹೋಗುವ ಮನೆಯ ಮಕ್ಕಳು ಇದೇ ಪ್ರಶ್ನೆಗಳನ್ನು ಇನ್ನೊಂದು ಬದಿಯಿಂದ ಕೇಳಲಿ. ಎರಡು ಮನೆಗಳ ಉತ್ತರಗಳು ಒಂದಕ್ಕೊಂದು ತಾಳೆಯಾದರೆ ಸಂತೋಷ. ತಾಳೆಯಾಗದಿದ್ದರೆ, ಮಾತು ಅಲ್ಲಿಂದಲೇ ಶುರುವಾಗಬೇಕು.